ತೊಟ್ಟಿಲಿನಿಂದ ಮಂಚಕ್ಕೆ: ಮೊದಲು ತೂಗುವುದು ಬಿಡಿಸಿ, ಮಂಚ ಆಮೇಲೆ ತನ್ನಿ

"ಮಂಚ ತಂದು ತಿಂಗಳಾಯ್ತು. ಮಗು ಅದರ ಮೇಲೆ ಕುಣಿಯುತ್ತದೆ, ಮಲಗುವುದು ಮಾತ್ರ ಇಲ್ಲ." ಕಲಬುರಗಿಯಲ್ಲಿ ಎರಡು-ಮೂರು ವರ್ಷದ ಮಕ್ಕಳಿರುವ ತಾಯಂದಿರು ಸೇರಿದಲ್ಲೆಲ್ಲ ಈ ಮಾತು ಬಂದೇ ಬರುತ್ತದೆ. ಕೇಳುತ್ತಾ ಹೋದರೆ ಎಲ್ಲರ ಕಥೆಯೂ ಹೆಚ್ಚುಕಡಿಮೆ ಒಂದೇ. ಬೆಳಿಗ್ಗೆ ಸೂಪರ್ ಮಾರ್ಕೆಟ್ ಕಡೆಯಿಂದ ಮಂಚ ಬರುತ್ತದೆ. ಸಂಜೆಗೆ ತೊಟ್ಟಿಲು ಬಿಚ್ಚಿ ಮಾಳಿಗೆಗೆ ಸಾಗಿಸುತ್ತಾರೆ. ರಾತ್ರಿ ಒಂದು ಗಂಟೆಗೆ ಅಪ್ಪ ಸ್ಕ್ರೂಡ್ರೈವರ್ ಹಿಡಿದು ಮತ್ತೆ ಮಾಳಿಗೆ ಹತ್ತುತ್ತಾನೆ.

ಮಂಚ ಕೊನೆಗೆ ಬರಬೇಕಾದ ಸಾಮಾನು. ಅದನ್ನು ಮೊದಲು ತಂದರೆ ಹೀಗೇ ಆಗುತ್ತದೆ. ಮೊದಲು ನಿದ್ದೆಯ ರೂಢಿ ಬದಲಾಗಬೇಕು, ಆಮೇಲೆ ಕೋಣೆ, ಆಮೇಲೆ ಮಂಚ. ಎಲ್ಲ ಸೇರಿ ಒಂದೂವರೆ ತಿಂಗಳು ಹಿಡಿಯುತ್ತದೆ ಅಂತ ಇಟ್ಟುಕೊಳ್ಳಿ. ಬೇಗ ಮುಗಿದರೆ ಒಳ್ಳೆಯದೇ.

ನಮ್ಮ ಕಡೆ ಮಗುವನ್ನು ಮಂಚಕ್ಕೆ ಹಾಕುವವರೆಲ್ಲ ಬೇರೆ ಕೋಣೆಗೆ ಕಳಿಸುವುದಿಲ್ಲ. ಕೆಲವರ ಮನೆಯಲ್ಲಿ ಅಪ್ಪ-ಅಮ್ಮನ ಕೋಣೆಯಲ್ಲೇ ಪುಟ್ಟ ಮಂಚ, ಕೆಲವರಲ್ಲಿ ಆಯಿಯ, ಅಂದರೆ ಅಜ್ಜಿಯ, ದಿವಾನ್ ಪಕ್ಕ, ಇನ್ನು ಕೆಲವರಲ್ಲಿ ನೆಲದ ಮೇಲೆ ಗಾದಿ. ಯಾವುದಾದರೂ ಸರಿ. ಆದರೆ ಒಂದನ್ನು ಮೊದಲೇ ಗಟ್ಟಿ ಮಾಡಿ. ಸೋಮವಾರ ಆಯಿ ಹತ್ತಿರ, ಬುಧವಾರ ಅಮ್ಮನ ಹತ್ತಿರ, ಶನಿವಾರ ಒಬ್ಬನೇ ಅಂದರೆ ಮಗುವಿಗೆ ತನ್ನ ಜಾಗ ಯಾವುದು ಅಂತಲೇ ತಿಳಿಯುವುದಿಲ್ಲ.

ಬೇಕಾಗುವ ಸಾಮಾನು

ಅಳತೆ ಟೇಪು, ಸ್ಕ್ರೂಡ್ರೈವರ್, ಅಲ್ಮಾರಿಯನ್ನು ಗೋಡೆಗೆ ಬಿಗಿಯಲು ನಾಲ್ಕಾರು ಎಲ್ ಆಕಾರದ ಕ್ಲ್ಯಾಂಪ್, ಪ್ಲಗ್ ಸಾಕೆಟ್‌ಗೆ ಹಾಕುವ ಪ್ಲಾಸ್ಟಿಕ್ ಮುಚ್ಚಳ, ಹಾಸಿಗೆ ಕೆಳಗೆ ಸಿಕ್ಕಿಸಬಹುದಾದ ದೊಡ್ಡ ಸೊಳ್ಳೆ ಪರದೆ, ರಬ್ಬರ್ ಶೀಟು, ಎರಡು ದಪ್ಪ ಕೌದಿ, ಚಾರ್ಜ್ ಮಾಡಿಡಬಹುದಾದ ಸಣ್ಣ ರಾತ್ರಿ ದೀಪ. ಮಂಚ, ಗಾದಿ ಈ ಪಟ್ಟಿಯಲ್ಲಿಲ್ಲ. ಅವು ಐದನೇ ಹಂತಕ್ಕೆ.

ಹಂತ 1: ಮಗು ತಯಾರಿದೆಯಾ ನೋಡಿ

ಒಂದೂವರೆ ವರ್ಷದಿಂದ ಮೂರೂವರೆ ವರ್ಷದ ನಡುವೆ ಯಾವಾಗಾದರೂ ಬದಲಾಯಿಸಬಹುದು. ನನ್ನನ್ನು ಕೇಳಿದರೆ, ಮೂರರ ಹತ್ತಿರ ಬರುವವರೆಗೆ ಕಾಯುವುದೇ ಲೇಸು. ಆ ವಯಸ್ಸಿಗೆ "ಇಲ್ಲೇ ಮಲಗು, ಬೆಳಗಾದ ಮೇಲೆ ಇಳಿ" ಅಂದರೆ ಮಗುವಿಗೆ ಅರ್ಥವಾಗುತ್ತದೆ. ಒಂದೂವರೆ ವರ್ಷದ ಕೂಸಿಗೆ ಆ ಮಾತು ಸುಮ್ನೆ ಸದ್ದು ಅಷ್ಟೇ.

ಕಾಯುವ ಹಾಗಿಲ್ಲದ ಸಂದರ್ಭ ಒಂದಿದೆ. ಕಂಬಿಗಳಿರುವ ತೊಟ್ಟಿಲಲ್ಲಿ ಮಗುವನ್ನು ನಿಲ್ಲಿಸಿ ನೋಡಿ. ಮೇಲಿನ ಕಂಬಿ ಮಗುವಿನ ಎದೆಯ ಮಟ್ಟಕ್ಕೆ ಬಂದಿದ್ದರೆ, ಇಲ್ಲವೇ ಮಗು 35 ಇಂಚು, ಅಂದರೆ ಸುಮಾರು 89 ಸೆಂಟಿಮೀಟರ್ ಎತ್ತರ ಬೆಳೆದಿದ್ದರೆ, ಆ ತೊಟ್ಟಿಲಿನ ಕಾಲ ಮುಗಿಯಿತು. ಮಗು ಒಂದು ಸಲ ಕಾಲು ಎತ್ತಿ ಕಂಬಿ ದಾಟಿದರೂ ಅಷ್ಟೇ. ಶಹಾಬಾದಿ ಕಲ್ಲಿನ ಫರಸಿ ನೆಲದ ಮೇಲೆ ತಲೆ ಕೆಳಗಾಗಿ ಬೀಳುವುದು ಸಣ್ಣ ಮಾತಲ್ಲ.

ಮಗು ಇನ್ನೂ ಗಿಡ್ಡವಿದ್ದು ಹತ್ತಲು ನೋಡುತ್ತಿದ್ದರೆ, ತೊಟ್ಟಿಲಿನ ತಳವನ್ನು ಕೊನೆಯ ಮಟ್ಟಕ್ಕೆ ಇಳಿಸಿ. ಒಳಗಿನ ದಿಂಬು, ದೊಡ್ಡ ಗೊಂಬೆ ತೆಗೆಯಿರಿ. ಮಕ್ಕಳು ಅವನ್ನೇ ಮೆಟ್ಟಿಲು ಮಾಡಿಕೊಳ್ಳುತ್ತಾರೆ. ಹೀಗೆ ಒಂದೆರಡು ತಿಂಗಳು ಸಿಗುತ್ತದೆ.

ಸೀರೆ ಜೋಳಿಗೆಯ ಲೆಕ್ಕ ಬೇರೆ. ಕೂಸು ಅದರೊಳಗೆ ಎದ್ದು ಕೂರಲು ನೋಡಿತು ಅಂದರೆ ಅವತ್ತಿನಿಂದಲೇ ಜೋಳಿಗೆ ಬಂದ್ ಮಾಡಿ. ಸೀರೆ ತಿರುಚಿಕೊಂಡು ಕೊರಳಿಗೆ ಬಿಗಿಯಬಹುದು, ಕೂಸು ಬಗ್ಗಿ ಹೊರಗೆ ಬೀಳಬಹುದು. ಜೋಳಿಗೆ ಬಿಟ್ಟ ಸಣ್ಣ ಕೂಸನ್ನು ನೇರ ದೊಡ್ಡ ಮಂಚಕ್ಕೆ ಹಾಕಬೇಡಿ, ನಡುವೆ ಕಂಬಿ ತೊಟ್ಟಿಲು ಬೇಕು. ವರ್ಷ ತುಂಬದ ಕೂಸಿಗೆ ದಿಂಬು, ಮೆತ್ತನೆ ಗಾದಿ, ದಪ್ಪ ಕೌದಿ ಯಾವುದೂ ಬೇಡ. ಮುಖ ಹುದುಗಿ ಉಸಿರು ಕಟ್ಟುತ್ತದೆ.

ಪಕ್ಕದ ಮನೆ ಹುಡುಗ ಎರಡು ವರ್ಷಕ್ಕೇ ಮಂಚದಲ್ಲಿ ಮಲಗುತ್ತಾನೆ ಎಂಬ ಕಾರಣಕ್ಕೆ ಶುರು ಮಾಡಬೇಡಿ.

ಹಂತ 2: ತಿಂಗಳು ಆರಿಸಿ

ಏಪ್ರಿಲ್, ಮೇ ಬೇಡವೇ ಬೇಡ. ಹೊರಗೆ 40 ಡಿಗ್ರಿ ದಾಟಿರುತ್ತದೆ, ರಾತ್ರಿ ಹನ್ನೊಂದಾದರೂ ಗೋಡೆ ಬಿಸಿಯಾಗಿರುತ್ತದೆ. ದೊಡ್ಡವರೇ ಹೊರಳಾಡುತ್ತೇವೆ. ಆಗ ಮಗು ಅಳುವುದು ಮಂಚಕ್ಕೋ ಸೆಕೆಗೋ ಅಂತ ಗೊತ್ತಾಗುವುದಿಲ್ಲ. ಸಾಲದ್ದಕ್ಕೆ ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಮಾಳಿಗೆ ಮೇಲೆ ಮಲಗುವ ರೂಢಿ. ಇವತ್ತು ಕೋಣೆ, ನಾಳೆ ಮಾಳಿಗೆ ಅಂದರೆ ಕಲಿಸಿದ್ದೆಲ್ಲ ನೀರುಪಾಲು. ಮಾಳಿಗೆಗೆ ಹೋದರೂ ಸಣ್ಣ ಮಗು ಗೋಡೆ ಕಡೆ, ದೊಡ್ಡವರು ಮೆಟ್ಟಿಲ ಕಡೆ ಮಲಗಿ. ಸುತ್ತಲಿನ ಕಟ್ಟೆ ಮೊಳಕಾಲ ಎತ್ತರಕ್ಕಿದ್ದರೆ ಮಗುವನ್ನು ಕರೆದೊಯ್ಯಲೇಬೇಡಿ.

ಮನೆತುಂಬ ನೆಂಟರಿರುವ ವಾರವೂ ಬೇಡ. ಶರಣಬಸವೇಶ್ವರ ಜಾತ್ರೆ, ಬಂದೇನವಾಜ್ ಉರುಸು, ಮನೆಯ ಮದುವೆ, ಯಾವುದೇ ಇರಲಿ, ಮುಗಿಯಲಿ. ಜೂನ್‌ನಲ್ಲಿ ಅಂಗನವಾಡಿಗೋ ನರ್ಸರಿಗೋ ಹೊಸದಾಗಿ ಸೇರಿಸುವುದಿದ್ದರೆ ಅದರ ಹಿಂದೆ ಮುಂದೆ ಒಂದು ತಿಂಗಳು ಬಿಡಿ. ಎದೆಹಾಲು ಬಿಡಿಸುವುದು, ಡೈಪರ್ ಬಿಡಿಸುವುದು, ತೊಟ್ಟಿಲು ಬಿಡಿಸುವುದು, ಮೂರನ್ನೂ ಒಂದೇ ತಿಂಗಳಲ್ಲಿ ಮುಗಿಸುವ ಹಟ ಬೇಡ.

ನಮ್ಮ ಸೀಮೆಗೆ ಒಳ್ಳೆಯ ಕಾಲ ದೀಪಾವಳಿ ಮುಗಿದ ಮೇಲಿನಿಂದ ಜನವರಿ ಕೊನೆಯವರೆಗೆ. ಸೆಕೆ ಇಲ್ಲ, ಮಕ್ಕಳಿಗೆ ನಿದ್ದೆ ಚೆನ್ನಾಗಿ ಹತ್ತುತ್ತದೆ. ಬೀದರಿನವರು ಮಾತ್ರ ಚಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಲ್ಲಿ ಡಿಸೆಂಬರ್ ರಾತ್ರಿ ಹೊದಿಕೆ ಒದ್ದುಕೊಂಡ ಮಗು ನಸುಕಿಗೆ ಚಳಿಗೇ ಎದ್ದು ಬರುತ್ತದೆ. ಪೂರ್ತಿ ತೋಳಿನ ಅಂಗಿ, ಕಾಲುಚೀಲ ಹಾಕಿ ಮಲಗಿಸಿ.

ಎರಡನೇ ಹೆರಿಗೆ ಇದ್ದರೆ

ಜಾಸ್ತಿ ಜನ ಸೋಲುವುದು ಇಲ್ಲಿ. ಅಮ್ಮ ಹೆರಿಗೆಗೆ ತವರಿಗೆ ಹೋಗುತ್ತಾಳೆ. ದೊಡ್ಡ ಮಗುವೂ ಜೊತೆಗೆ. ಮೂರ್ನಾಲ್ಕು ತಿಂಗಳ ಮೇಲೆ ವಾಪಸ್ ಬರುತ್ತಾರೆ, ಬಂದ ದಿನವೇ ತೊಟ್ಟಿಲಲ್ಲಿ ತಮ್ಮನೋ ತಂಗಿಯೋ ಮಲಗಿರುತ್ತದೆ. "ನೀನೀಗ ದೊಡ್ಡವ ಆಗಿದ್ದಿ, ಮಂಚದಾಗ ಮಲಕೊ" ಅಂತ ಎಲ್ಲರೂ ಹೇಳುತ್ತಾರೆ. ಆ ಮಗುವಿನ ಕಣ್ಣಿಗೆ ಕಾಣುವುದು ಒಂದೇ: ಇದು ಬಂತು, ನನ್ನ ಜಾಗ ಹೋಯಿತು.

ತವರಿಗೆ ಹೊರಡುವ ಎರಡು ತಿಂಗಳ ಮೊದಲೇ ದೊಡ್ಡ ಮಗುವಿನ ಕೆಲಸ ಮುಗಿಸಿ. ತವರಲ್ಲೂ ತೊಟ್ಟಿಲು ಬೇಡ, ಅಲ್ಲೂ ಮಂಚವೋ ಗಾದಿಯೋ ಇರಲಿ. ಅಷ್ಟು ಸಮಯ ಇಲ್ಲವಾದರೆ, ಹೊಸ ಕೂಸಿಗೆ ನಾಲ್ಕು ತಿಂಗಳಾಗುವವರೆಗೆ ಕಾಯಿರಿ. ಅಲ್ಲಿಯವರೆಗೆ ಅದಕ್ಕೆ ಇನ್ನೊಂದು ತೊಟ್ಟಿಲು ಎರವಲು ತನ್ನಿ. ನಮ್ಮ ಓಣಿಗಳಲ್ಲಿ ಒಂದು ತೊಟ್ಟಿಲು ಹತ್ತು ಮನೆ ತಿರುಗಿದ್ದು ಹೊಸದೇನಲ್ಲ, ಕೇಳಿದರೆ ಸಿಗುತ್ತದೆ.

ಹಂತ 3: ತೂಗುವುದನ್ನು ಬಿಡಿಸಿ

ಇದನ್ನೇ ಎಲ್ಲರೂ ಬಿಟ್ಟುಬಿಡುವುದು. ಬೇರೆ ಕಡೆಯ ಸಲಹೆಗಳಲ್ಲೂ ಇದು ಸಿಗುವುದು ಕಡಿಮೆ, ಅಲ್ಲಿನ ತೊಟ್ಟಿಲು ಅಲುಗಾಡುವುದೇ ಇಲ್ಲವಲ್ಲ. ನಮ್ಮದು ತೂಗುವ ತೊಟ್ಟಿಲು. ಮಗುವಿಗೆ ನಿದ್ದೆ ಬರುವುದು ಹಾಸಿಗೆಯಿಂದ ಅಂತ ನಾವು ತಿಳಿದಿರುತ್ತೇವೆ. ಅದು ಬರುವುದು ತೂಗಿನಿಂದ.

ರಾತ್ರಿ ಎಲ್ಲ ಮಕ್ಕಳೂ ಹಲವು ಸಲ ಅರೆಎಚ್ಚರ ಆಗುತ್ತಾರೆ. ಆಗ ಮಲಗುವಾಗ ಹೇಗಿತ್ತೋ ಹಾಗೇ ಇದ್ದರೆ ಮಗು ಮಗ್ಗುಲಾಗಿ ಮತ್ತೆ ಮಲಗುತ್ತದೆ. ಇಲ್ಲದಿದ್ದರೆ ಅಳುತ್ತದೆ. ತೂಗುತ್ತಾ ನಿದ್ದೆ ಹೋದ ಮಗು ಅಲುಗಾಡದ ಮಂಚದ ಮೇಲೆ ಎಚ್ಚರಾದರೆ ಏನು ಮಾಡೀತು, ಅಲ್ವಾ?

ಬ್ರಹ್ಮಪುರದ ಒಂದು ಮನೆಯಲ್ಲಿ ಎರಡೂವರೆ ವರ್ಷದ ಹುಡುಗಿಯನ್ನು ನೋಡಿದ್ದೆ. ತೂಗುವವರು ಕೈಬಿಟ್ಟರೆ ಅವಳು ಕಾಲಿನ ಹೆಬ್ಬೆರಳನ್ನು ಕಂಬಿಗೆ ಊರಿ, ಮೊಣಕಾಲು ಮಡಿಸಿ ಒತ್ತಿ, ತಾನೇ ತೊಟ್ಟಿಲನ್ನು ತೂಗಿಕೊಳ್ಳುತ್ತಿದ್ದಳು. ಕಣ್ಣು ಅರ್ಧ ಮುಚ್ಚಿರುತ್ತಿತ್ತು, ಬೆರಳು ಮಾತ್ರ ಕೆಲಸ ಮಾಡುತ್ತಿತ್ತು. ಅವಳನ್ನು ನೇರ ಮಂಚಕ್ಕೆ ಹಾಕಿದ್ದರು. ರಾತ್ರಿಯಿಡೀ ಅದೇ ಬೆರಳಿನಿಂದ ಗೋಡೆ ಒದೆಯುತ್ತಿದ್ದಳು. ಮನೆಯವರು ಅದನ್ನು ಹಟ ಅಂದುಕೊಂಡಿದ್ದರು.

ಹಾಗಾಗಿ ತೂಗುವುದನ್ನು ಹಳೆಯ ತೊಟ್ಟಿಲಲ್ಲೇ ಬಿಡಿಸಬೇಕು. ಹೀಗೆ ಮಾಡಿ:

1. ಮೊದಲ ನಾಲ್ಕು ರಾತ್ರಿ, ಎಂದಿನಂತೆ ತೂಗಿ. ಆದರೆ ಕಣ್ಣು ಎಳೆಯಲು ಶುರುವಾದ ತಕ್ಷಣ ನಿಲ್ಲಿಸಿ. ಪೂರ್ತಿ ನಿದ್ದೆ ಹತ್ತುವವರೆಗೆ ತೂಗಬೇಡಿ. ಕೊನೆಯ ಎರಡು ನಿಮಿಷ ಮಗು ನಿಂತ ತೊಟ್ಟಿಲಲ್ಲಿ ಕಳೆಯಲಿ.

2. ಮುಂದಿನ ನಾಲ್ಕು ರಾತ್ರಿ, ತೂಗುವ ವೇಗ ಅರ್ಧ ಮಾಡಿ, ಹೊತ್ತೂ ಕಡಿಮೆ ಮಾಡಿ. ಕೈ ನಿಂತಾಗ ಎದೆ ಮೇಲೋ ಬೆನ್ನ ಮೇಲೋ ಮೆಲ್ಲಗೆ ತಟ್ಟಿ. ಜೋಗುಳ ಹಾಡುತ್ತಿದ್ದರೆ ಹಾಡಿ. ಹಾಡು ಮಂಚಕ್ಕೂ ಜೊತೆಗೆ ಬರುತ್ತದೆ, ತೂಗು ಬರುವುದಿಲ್ಲ. ಅದಕ್ಕೇ ಹಾಡನ್ನು ಬಿಡಬೇಡಿ.

3. ಆಮೇಲೆ ತೊಟ್ಟಿಲನ್ನು ಹಗ್ಗದಿಂದ ಸ್ಟ್ಯಾಂಡಿಗೆ ಬಿಗಿಯಾಗಿ ಕಟ್ಟಿಬಿಡಿ. ಗಂಟು ಹೊರಗಡೆ, ಕೆಳಗಡೆ ಇರಲಿ. ಜೋತುಬಿದ್ದ ತುದಿ ಮಗುವಿನ ಕೈಗೆ ಸಿಗಬಾರದು. ಈಗ ತಟ್ಟುವುದು, ಹಾಡುವುದು ಎರಡೇ.

4. ತಟ್ಟುವುದನ್ನೂ ನಿಧಾನಕ್ಕೆ ಬಿಡಿ. ಕೈ ಸುಮ್ನೆ ಇಟ್ಟಿರಿ, ಆಮೇಲೆ ಕೈ ತೆಗೆದು ಪಕ್ಕದಲ್ಲಿ ಕೂತಿರಿ.

ಕಟ್ಟಿದ ತೊಟ್ಟಿಲಲ್ಲಿ ಸತತ ನಾಲ್ಕೈದು ರಾತ್ರಿ ಮಗು ನಿದ್ದೆ ಹೋಯಿತು ಅಂದರೆ ಕಷ್ಟದ ಕೆಲಸ ಮುಗಿಯಿತು. ಅಲ್ಲಿಯವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ.

ರಾತ್ರಿಯಿಂದ ಶುರು ಮಾಡಿ, ಮಧ್ಯಾಹ್ನದಿಂದ ಅಲ್ಲ. ರಾತ್ರಿ ನಿದ್ದೆಯ ಒತ್ತಡ ಜಾಸ್ತಿ ಇರುತ್ತದೆ, ಮಗು ಬೇಗ ಸೋಲುತ್ತದೆ. ಮೊದಲ ವಾರ ಮಧ್ಯಾಹ್ನ ತೂಗಿದರೂ ತಪ್ಪಿಲ್ಲ.

ಇಲ್ಲಿ ಕೆಲಸ ಕೆಡುವುದು ಒಬ್ಬರು ಬಿಡಿಸುವಾಗ ಇನ್ನೊಬ್ಬರು ತೂಗುವುದರಿಂದ. ಅಮ್ಮ ಗಟ್ಟಿ ಮನಸ್ಸು ಮಾಡಿ ಹತ್ತು ನಿಮಿಷ ಕೂತಿರುತ್ತಾಳೆ. ಆಯಿ ಒಳಗಿಂದ ಬಂದು, "ಕೂಸು ಅಳಲಿಕತ್ತದ, ಇನ್ನೊಂದೀಟು ತೂಗಬಾರ್ದೇನು" ಅಂತ ಹಗ್ಗ ಹಿಡಿಯುತ್ತಾರೆ. ಮಗುವಿಗೆ ಅರ್ಥವಾಗುವ ಪಾಠ: ಇನ್ನಷ್ಟು ಅತ್ತರೆ ತೂಗುತ್ತಾರೆ. ಆಯಿಯನ್ನು ದೂರುವುದರಿಂದ ಏನೂ ಆಗುವುದಿಲ್ಲ. ಶುರು ಮಾಡುವ ಮೊದಲೇ ಕೂತು ಮಾತಾಡಿ, ತಟ್ಟಿ ಹಾಡುವ ಕೆಲಸವನ್ನು ಅವರಿಗೇ ಕೊಡಿ. ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಾಡುವವರೂ ಅವರೇ ಆಗಿರುತ್ತಾರೆ.

ನಿಮ್ಮದು ತೂಗದ, ನಿಂತ ಕ್ರಿಬ್ ಆಗಿದ್ದರೆ ಈ ಹಂತ ದಾಟಿ. ಆದರೆ ಮಗು ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುತ್ತಿದ್ದರೆ ಅದೂ ತೂಗಿದ ಹಾಗೇ. ಬಾಟಲಿಯನ್ನು ಮೊದಲು ಊಟದ ಹೊತ್ತಿಗೆ ಸರಿಸಿ, ಲೋಟಕ್ಕೆ ಬದಲಾಯಿಸಿ. ಬಾಯಲ್ಲಿ ಹಾಲು ನಿಂತರೆ ಮುಂದಿನ ಹಲ್ಲು ಹುಳುಕಾಗುತ್ತವೆ, ಅದಕ್ಕಾಗಿಯಾದರೂ ಬಿಡಿಸಲೇಬೇಕು.

ಹಂತ 4: ಕೋಣೆ ಭದ್ರ ಮಾಡಿ

ಇಷ್ಟು ದಿನ ಕಂಬಿ ಮಗುವನ್ನು ಕಾಯುತ್ತಿತ್ತು. ಇನ್ನು ಮೇಲೆ ನೀವು ಮಲಗಿರುವಾಗ ಮಗು ಕತ್ತಲಲ್ಲಿ ಒಂದೇ ಓಡಾಡಬಹುದು. ಈ ಮಾತನ್ನು ತಲೆಯಲ್ಲಿಟ್ಟುಕೊಂಡು ಕೋಣೆಯ ನಡುವೆ ನೆಲದ ಮೇಲೆ ಕೂತು ಸುತ್ತ ನೋಡಿ.

ಕಬ್ಬಿಣದ ಅಲ್ಮಾರಿ, ಟಿವಿ ಸ್ಟ್ಯಾಂಡ್, ಡ್ರಾಯರ್ ಇರುವ ಮೇಜು: ಮೂರನ್ನೂ ಗೋಡೆಗೆ ಬಿಗಿಯಿರಿ. ಡ್ರಾಯರ್ ಎಳೆದು ಅದರ ಮೇಲೆ ಕಾಲಿಟ್ಟು ಹತ್ತಿದರೆ ಇಡೀ ಮೇಜು ಮಗುವಿನ ಮೇಲೆ ಬೀಳುತ್ತದೆ. ಕಲ್ಲಿನ ಗೋಡೆಯಾದರೆ ಮೊಳೆ ಹೊಡೆಯುವುದು ನಿಮ್ಮ ಕೈಲಾಗದು, ಡ್ರಿಲ್ ಇರುವವರನ್ನು ಕರೆಸಿ.

ಕೂಲರ್ ಬಗ್ಗೆ ನಾನು ಜಾಸ್ತಿ ಹೇಳಬೇಕು. ನಮ್ಮೂರಲ್ಲಿ ಅದಿಲ್ಲದ ಮನೆ ಕಡಿಮೆ. ತಗಡಿನ ಮೈ, ಒಳಗೆ ನೀರು, ನೀರಲ್ಲಿ ಮೋಟಾರ್. ವೈರ್ ಎಲ್ಲಾದರೂ ಸುಲಿದಿದ್ದರೆ ಇಡೀ ತಗಡಿಗೆ ಕರೆಂಟ್ ಬರುತ್ತದೆ. ಮಗು ಒದ್ದೆ ಕೈಯಲ್ಲಿ, ಬರಿಗಾಲಲ್ಲಿ ಫರಸಿ ಮೇಲೆ ನಿಂತು ಮುಟ್ಟುತ್ತದೆ. ಮೂರು ಪಿನ್ನಿನ ಪ್ಲಗ್ ಮತ್ತು ಸರಿಯಾದ ಅರ್ತಿಂಗ್ ಇಲ್ಲದ ಕೂಲರ್ ಮಗುವಿನ ಕೋಣೆಯಲ್ಲಿ ಬೇಡ. ಮನೆಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ, ಕರೆಂಟ್ ಸೋರಿದ ಕ್ಷಣದಲ್ಲೇ ಲೈನ್ ಕಟ್ ಆಗುತ್ತದೆ. ಆದಷ್ಟು ಕೂಲರನ್ನು ಕಿಟಕಿ ಹೊರಗೆ ಸ್ಟ್ಯಾಂಡ್ ಮೇಲೆ ಇಡಿ. ನೀರನ್ನು ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ, ಒಳಗೆ ಉಜ್ಜಿ ಒಣಗಿಸಿ. ಡೆಂಗಿ ಸೊಳ್ಳೆ ಮೊಟ್ಟೆಯಿಡುವುದು ಇಂಥ ನೀರಲ್ಲೇ.

ಬಾಗಿಲ ಚಿಲಕ ಮಗುವಿಗೆ ಎಟುಕುವಂತಿದ್ದರೆ ತೆಗೆಸಿ. ಒಳಗಿಂದ ಹಾಕಿಕೊಂಡು ತೆಗೆಯಲು ಬಾರದೆ ಕಿರುಚುವ ಮಕ್ಕಳು, ಹೊರಗೆ ಬಾಗಿಲು ಒಡೆಯುವ ಅಪ್ಪಂದಿರು, ಇದು ಓಣಿ ಓಣಿಯ ಕಥೆ. ಹೊರಗಿನಿಂದ ಚಿಲಕ ಹಾಕಿ ಮಗುವನ್ನು ಕೋಣೆಯಲ್ಲಿ ಕೂಡುವುದೂ ಬೇಡ. ಬೆಂಕಿ ಹತ್ತಿದರೆ, ವಾಂತಿ ಉಸಿರಿಗೆ ಸಿಕ್ಕರೆ ಯಾರಿಗೂ ತಿಳಿಯುವುದಿಲ್ಲ.

ಕೋಣೆಯಾಚೆಗೂ ನೋಡಿ. ನೀರು ದಿನಾ ಬರುವುದಿಲ್ಲ ಅಂತ ನಾವು ಬಕೆಟ್, ಡ್ರಮ್ಮು, ಸಂಪು ಎಲ್ಲ ತುಂಬಿಡುತ್ತೇವೆ. ಅರ್ಧ ಬಕೆಟ್ ನೀರಿಗೆ ತಲೆ ಕೆಳಗಾಗಿ ಬಿದ್ದ ಸಣ್ಣ ಮಗು ತಾನಾಗಿ ಏಳಲಾರದು. ಬಚ್ಚಲ ಬಾಗಿಲಿಗೆ ಮೇಲೆ ಚಿಲಕ, ಸಂಪಿಗೆ ಬೀಗ, ಮಾಳಿಗೆ ಮೆಟ್ಟಿಲ ಬಾಗಿಲಿಗೆ ಬೀಗ. ದಿನಾ ರಾತ್ರಿ ಗ್ಯಾಸ್ ಬಂದ್ ಮಾಡುವಾಗ ಈ ಮೂರನ್ನೂ ನೋಡುವ ರೂಢಿ ಮಾಡಿ.

ಹಂತ 5: ಈಗ ಮಂಚ

ಎತ್ತರ ಕಡಿಮೆ ಇದ್ದಷ್ಟೂ ಒಳ್ಳೆಯದು. ಮಗು ಅಂಚಿನಲ್ಲಿ ಕೂತರೆ ಪಾದ ನೆಲಕ್ಕೆ ತಾಗಬೇಕು, ಅಥವಾ ಹೊಟ್ಟೆ ಮೇಲೆ ಜಾರಿ ಸಲೀಸಾಗಿ ಇಳಿಯುವಂತಿರಬೇಕು. ಮನೆಯಲ್ಲಿ ಹಳೆಯ ಸಾಗವಾನಿ ದಿವಾನ್ ಇದ್ದರೆ ಹೊಸದು ಯಾಕೆ? ಬಡಿಗನನ್ನು ಕರೆಸಿ ನಾಲ್ಕು ಕಾಲನ್ನೂ ಸಮನಾಗಿ ಕತ್ತರಿಸಿ, ಚೂಪು ಮೂಲೆಗಳನ್ನು ದುಂಡಗೆ ಉಜ್ಜಿಸಿ. ಕತ್ತರಿಸಿದ ಮೇಲೆ ಕೈಯಿಂದ ಅಲುಗಿಸಿ ನೋಡಿ, ಒಂದು ಕಾಲು ಗಿಡ್ಡವಾದರೂ ಮಂಚ ರಾತ್ರಿಯಿಡೀ ಟಕ್ ಟಕ್ ಅನ್ನುತ್ತದೆ. ಪೆಟ್ಟಿಗೆ ಇರುವ ದಿವಾನಾದರೆ ಮುಚ್ಚಳಕ್ಕೆ ಬೀಗ ಹಾಕಿ. ಮಕ್ಕಳು ಅದರೊಳಗೆ ಅಡಗಿ ಕೂರುತ್ತಾರೆ. ಎರಡಂತಸ್ತಿನ ಮಂಚದ ಮೇಲ್ಭಾಗ ಆರು ವರ್ಷ ತುಂಬುವವರೆಗೆ ಬೇಡ. ಹೊರಸು ನಡುವೆ ಜೋಲು ಬಿದ್ದಿರುತ್ತದೆ, ಹಗ್ಗದ ಸಂದಿಗೆ ಸಣ್ಣ ಕೈಕಾಲು ಸಿಗುತ್ತವೆ. ಸ್ವಲ್ಪ ದೊಡ್ಡ ಮಕ್ಕಳಿಗೆ ಅದು ಸರಿ, ಇವರಿಗಲ್ಲ.

ಗಾದಿ ಗಟ್ಟಿಯಾಗಿರಲಿ. ಹತ್ತಿ ಗಾದಿಯಾದರೆ ಹೊಸದಾಗಿ ಹಿಂಜಿಸಿ ಹೊಲಿಸಿದ್ದು ಒಳ್ಳೆಯದು, ನಡುವೆ ತಗ್ಗು ಬಿದ್ದದ್ದು ಬೇಡ. ಮೇಲೆ ರಬ್ಬರ್ ಶೀಟು, ಅದರ ಮೇಲೆ ಚಾದರ. ದಿಂಬು ತೆಳ್ಳಗೆ, ಒಂದೇ.

ಗೋಡೆ ಮತ್ತು ಮಂಚದ ನಡುವಿನ ಸಂದಿ ಅಪಾಯದ ಜಾಗ. ಮಗು ಹೊರಳಿ ಅದರಲ್ಲಿ ಸಿಕ್ಕಿಬೀಳುತ್ತದೆ, ಮುಖ ಒತ್ತಿದರೆ ಉಸಿರು ಕಟ್ಟುತ್ತದೆ. ಮಂಚವನ್ನು ಗೋಡೆಗೆ ಪೂರ್ತಿ ಅಂಟಿಸಿ, ಇಲ್ಲವೇ ಒಂದಡಿಗಿಂತ ಜಾಸ್ತಿ ದೂರ ಎಳೆಯಿರಿ. ಅರ್ಧಂಬರ್ಧ ಬಿಡಬೇಡಿ. ಸಂದಿಗೆ ದಿಂಬು ತುರುಕುವುದು ಪರಿಹಾರವಲ್ಲ, ಅದು ರಾತ್ರಿ ಕೆಳಗೆ ಜಾರುತ್ತದೆ.

ಅಂಗಡಿಯಲ್ಲಿ ಸಿಗುವ ಬೆಡ್ ರೇಲ್ ಎರಡು ವರ್ಷ ತುಂಬಿದ, ತಾನಾಗಿ ಹತ್ತಿಳಿಯಬಲ್ಲ ಮಗುವಿಗೆ ಮಾತ್ರ. ಹಾಕಿದ ಮೇಲೆ ಕೈಯಿಂದ ಹೊರಗೆ ತಳ್ಳಿ ನೋಡಿ. ಗಾದಿ ಮತ್ತು ರೇಲ್ ನಡುವೆ ಸಂದಿ ಬಿದ್ದರೆ ವಾಪಸ್ ಕೊಡಿ. ರೇಲ್ ಬೇಡವೆಂದರೆ ಮಂಚದ ಪಕ್ಕ ನೆಲಕ್ಕೆ ಎರಡು ಕೌದಿ ಮಡಿಸಿ ಹಾಸಿ. ತಗ್ಗು ಮಂಚ, ಕೆಳಗೆ ಕೌದಿ ಇದ್ದರೆ ಬಿದ್ದರೂ ಅಷ್ಟೇನೂ ಆಗುವುದಿಲ್ಲ.

ಮಂಚವನ್ನು ಕಿಟಕಿ ಕೆಳಗೆ ಹಾಕಬೇಡಿ. ತೊಟ್ಟಿಲು ಇದ್ದ ಮೂಲೆಯಲ್ಲೇ ಹಾಕಿದರೆ ಮಗು ಬೇಗ ಹೊಂದಿಕೊಳ್ಳುತ್ತದೆ. ಕಣ್ಣು ಬಿಟ್ಟಾಗ ಅದೇ ಗೋಡೆ, ಅದೇ ಕ್ಯಾಲೆಂಡರ್ ಕಾಣಬೇಕು.

ನೆಲದ ಗಾದಿ, ಚೇಳು, ಹಾವು

ನೆಲದ ಗಾದಿಯಿಂದ ಬೀಳುವ ಭಯವಿಲ್ಲ. ಆದರೆ ಯಾದಗಿರಿ, ಶಹಾಪುರ, ಸುರಪುರ ಕಡೆಯ ಕಲ್ಲಿನ ಮನೆಗಳಲ್ಲಿ, ಮಳೆ ಶುರುವಾದ ಮೇಲೆ ಚೇಳು ಸಂದಿಗಳಿಂದ ಹೊರಬರುತ್ತವೆ. ಕಂದಕೂರಿನಲ್ಲಿ ನಾಗರ ಪಂಚಮಿಯ ದಿನ ಜನ ಚೇಳನ್ನು ಮೈಮೇಲೆ ಬಿಟ್ಟುಕೊಳ್ಳುವುದನ್ನು ನೋಡಿ ಧೈರ್ಯ ತಂದುಕೊಳ್ಳಬೇಡಿ. ಸಣ್ಣ ಮಗುವಿಗೆ ಕೆಂಪು ಚೇಳಿನ ವಿಷ ಜೀವಕ್ಕೇ ಬರಬಹುದು. ಕಟ್ಟುಹಾವು ಕೂಡ ರಾತ್ರಿ ನೆಲದ ಮೇಲೆ ಮಲಗಿದವರನ್ನೇ ಜಾಸ್ತಿ ಕಚ್ಚುವುದು. ಹಳ್ಳಿಮನೆಯಾದರೆ, ಗೋಡೆಯಲ್ಲಿ ಬಿರುಕಿದ್ದರೆ, ಮಂಚವೇ ಇರಲಿ. ನೆಲವೇ ಗತಿಯೆಂದರೆ ಸೊಳ್ಳೆ ಪರದೆಯ ನಾಲ್ಕೂ ಅಂಚನ್ನು ಗಾದಿ ಕೆಳಗೆ ಬಿಗಿಯಾಗಿ ಸಿಕ್ಕಿಸಿ, ಮಲಗಿಸುವ ಮೊದಲು ಹಾಸಿಗೆ ಕೊಡವಿ. ಪರದೆಯ ಅಂಚು ನೆಲದ ಮೇಲೆ ಸುಮ್ನೆ ಬಿದ್ದಿದ್ದರೆ ಅದು ಇದ್ದೂ ಇಲ್ಲದ ಹಾಗೆ.

ಹಂತ 6: ಮೊದಲ ರಾತ್ರಿಗಳು

ಮಂಚ ಬಂದ ದಿನ ಅಲ್ಲಿ ಮಲಗಿಸಬೇಡಿ. ಎರಡು ದಿನ ಹಗಲು ಅದರ ಮೇಲೆ ಕೂತು ಆಡಲಿ, ಗೊಂಬೆಯನ್ನು ಮಲಗಿಸಲಿ, ಹತ್ತಿಳಿಯುವುದನ್ನು ಕಲಿಯಲಿ. ಹಿಂದೆ ಸರಿದು ಕಾಲು ಮೊದಲು ಇಳಿಸುವುದನ್ನು ನೀವೇ ಹಿಡಿದು ತೋರಿಸಿ. ಕತ್ತಲಲ್ಲಿ ತಲೆ ಮುಂದೆ ಮಾಡಿ ಇಳಿಯುವ ಮಗುವೇ ಬೀಳುವುದು.

ತೊಟ್ಟಿಲಲ್ಲಿ ಹಾಸುತ್ತಿದ್ದ ಹಳೆಯ ಬಟ್ಟೆಯನ್ನು ಒಗೆಯದೆ ಹಾಗೇ ಮಂಚದ ಮೇಲೆ ಹಾಸಿ. ಬಹಳ ಮಕ್ಕಳಿಗೆ ಆ ವಾಸನೆಯೇ ಅರ್ಧ ನಿದ್ದೆ. ಹೊಸ ಕಾರ್ಟೂನ್ ಚಾದರ ಮುಂದಿನ ತಿಂಗಳು ಹಾಸಿದರಾಯಿತು.

ಮಲಗುವ ಮುಂಚಿನ ಕೆಲಸಗಳ ಸಾಲು ದಿನಾ ಒಂದೇ ಇರಲಿ: ಊಟ, ಕೈಕಾಲು ತೊಳೆಯುವುದು, ಹಲ್ಲು, ಸೂಸು, ದೀಪ ಸಣ್ಣದು, ಒಂದು ಹಾಡು ಅಥವಾ ಒಂದು ಕಥೆ. ಒಂದೇ. "ಇನ್ನೊಂದು" ಅಂದಾಗ ಒಪ್ಪಿದರೆ ಆರನೇ ಕಥೆಗೂ ಮುಗಿಯುವುದಿಲ್ಲ. ಮೊಬೈಲ್, ಟಿವಿ ಒಂದು ಗಂಟೆ ಮೊದಲೇ ಬಂದ್.

ಹೊತ್ತು ಮುಖ್ಯ. ಒಂದರಿಂದ ಎರಡು ವರ್ಷದ ಮಗುವಿಗೆ ಮಧ್ಯಾಹ್ನದ್ದೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು, ಮೂರರಿಂದ ಐದು ವರ್ಷದವರಿಗೆ 10ರಿಂದ 13. ನಮ್ಮಲ್ಲಿ ಅಪ್ಪ ಅಂಗಡಿ ಮುಚ್ಚಿ ಹತ್ತಕ್ಕೆ ಬರುವವರೆಗೆ ಮಗುವನ್ನು ಎಚ್ಚರ ಇಡುತ್ತೇವೆ. ಅತಿ ದಣಿದ ಮಗು ಬೇಗ ಮಲಗುವುದಿಲ್ಲ, ಕುಣಿಯುತ್ತದೆ. ಈ ಒಂದು ತಿಂಗಳಾದರೂ ಅಪ್ಪನ ಜೊತೆಗಿನ ಆಟ ಬೆಳಿಗ್ಗೆಗೆ ಹೋಗಲಿ, ಮಗು ಎಂಟೂವರೆಗೆ ಹಾಸಿಗೆಯಲ್ಲಿರಲಿ.

ಹಂತ 7: ಎದ್ದು ಬಂದಾಗ

ಬರುತ್ತದೆ. ಮೊದಲ ರಾತ್ರಿ ಬರದಿದ್ದರೆ ಐದನೇ ರಾತ್ರಿ ಬರುತ್ತದೆ. ಮೊದಲ ವಾರ ಹೊಸತನದಲ್ಲಿ ಚೆನ್ನಾಗಿ ಮಲಗಿ, ಎರಡನೇ ವಾರ ದಿನಾ ಎದ್ದು ಬರುವ ಮಕ್ಕಳೂ ಬಹಳ. ಇಳಿಯಬಹುದು ಅಂತ ಆಗಷ್ಟೇ ಹೊಳೆದಿರುತ್ತದೆ. ಆ ಎರಡನೇ ವಾರದಲ್ಲೇ ಹೆಚ್ಚಿನವರು ಕೈಚೆಲ್ಲುವುದು.

ಮಾಡಬೇಕಾದ್ದು ಇಷ್ಟೇ: ಎದ್ದು, ಕೈಹಿಡಿದು ವಾಪಸ್ ಕರೆದೊಯ್ದು, ಮಲಗಿಸಿ, "ಮಲಕೊ ಕಂದಾ" ಅಂದು ಹೊರಬನ್ನಿ. ದೊಡ್ಡ ದೀಪ ಹಾಕಬೇಡಿ. ಬೈಯಬೇಡಿ, ನಗಿಸಬೇಡಿ, ಬಿಸ್ಕತ್ತು ಕೊಡಬೇಡಿ. ಎಷ್ಟು ಸಲ ಬಂದರೂ ಇದೇ. ಬೇಸರ ತರಿಸುವ ಕೆಲಸ, ಬೇರೆ ದಾರಿಯಿಲ್ಲ. ಆರು ಸಲ ವಾಪಸ್ ಕಳಿಸಿ ಏಳನೇ ಸಲ ಸುಸ್ತಾಗಿ ಪಕ್ಕದಲ್ಲಿ ಮಲಗಿಸಿಕೊಂಡರೆ, ನಾಳೆ ಮಗು ಏಳು ಸಲ ಬರಲು ತಯಾರಾಗಿರುತ್ತದೆ. ಅಪ್ಪ-ಅಮ್ಮ ಪಾಳಿ ಹಂಚಿಕೊಳ್ಳಿ, ಹನ್ನೆರಡರವರೆಗೆ ಒಬ್ಬರು, ಆಮೇಲೆ ಇನ್ನೊಬ್ಬರು.

"ಗುಮ್ಮ ಬರ್ತಾನ, ಕಣ್ಣು ಮುಚ್ಚು" ಅನ್ನುವುದನ್ನು ಮನೆಯಲ್ಲಿ ಎಲ್ಲರೂ ನಿಲ್ಲಿಸಬೇಕು. ಗುಮ್ಮ ಇರುವ ಕತ್ತಲೆಯಲ್ಲಿ ಒಂದೇ ಮಲಗು ಅಂದರೆ ಯಾವ ಮಗು ಕೇಳೀತು? ಕರೆಂಟ್ ಹೋದಾಗ ಕತ್ತಲೆ, ಫ್ಯಾನ್ ನಿಂತ ಸದ್ದು ಎರಡೂ ಒಟ್ಟಿಗೆ ಎಬ್ಬಿಸುತ್ತವೆ. ಚಾರ್ಜಿಂಗ್ ದೀಪ ಅದಕ್ಕೇ ಹೇಳಿದ್ದು.

ಮೂರು ವಾರ ಎಲ್ಲವನ್ನೂ ಸರಿಯಾಗಿ ಮಾಡಿಯೂ ಮಗು ಹಗಲೆಲ್ಲ ಕಿರಿಕಿರಿ, ಊಟ ಬಿಟ್ಟಿದೆ ಅಂದರೆ ನಿಲ್ಲಿಸಿ. ತೊಟ್ಟಿಲು ಇನ್ನೂ ಎತ್ತರಕ್ಕೆ ಸರಿಹೋಗುವಂತಿದ್ದರೆ ಎರಡು ತಿಂಗಳು ವಾಪಸ್ ಹೋಗಿ. ತೂಗುವುದನ್ನು ಮಾತ್ರ ಮತ್ತೆ ಶುರು ಮಾಡಬೇಡಿ, ಕಟ್ಟಿದ ಹಗ್ಗ ಹಾಗೇ ಇರಲಿ.

ಡಾಕ್ಟರ್ ಹತ್ತಿರ ಓಡಬೇಕಾದ ಲಕ್ಷಣಗಳು

ಮಂಚದಿಂದ ಬಿದ್ದ ಮಗು ತಕ್ಷಣ ಅತ್ತು, ಹತ್ತು ನಿಮಿಷದಲ್ಲಿ ಆಡಲು ಹೋದರೆ ಸಾಮಾನ್ಯವಾಗಿ ಭಯವಿಲ್ಲ. ಆದರೂ ಒಂದು ದಿನ ಗಮನವಿಡಿ. ಪ್ರಜ್ಞೆ ತಪ್ಪಿದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಿದರೂ ಮಂಕಾಗಿದ್ದರೆ, ಫಿಟ್ಸ್ ಬಂದರೆ, ಕಿವಿ-ಮೂಗಿನಿಂದ ನೀರೋ ರಕ್ತವೋ ಬಂದರೆ, ತಲೆಯ ಊತ ಮುಟ್ಟಿದರೆ ಮೆತ್ತಗಿದ್ದರೆ, ಒಂದು ಕಣ್ಣಿನ ಪಾಪೆ ದೊಡ್ಡದಾಗಿ ಕಂಡರೆ ಕಾಯಬೇಡಿ. 108ಕ್ಕೆ ಕರೆ ಮಾಡಿ. ಅರಿಶಿನ ಹಚ್ಚಿ ಬೆಳಗಿನವರೆಗೆ ನೋಡೋಣ ಅನ್ನುವ ಹೊತ್ತು ಇದಲ್ಲ.

ಚೇಳು ಕಚ್ಚಿದ ಮಗು ಬೆವೆತರೆ, ವಾಂತಿ ಮಾಡಿದರೆ, ಕೈಕಾಲು ತಣ್ಣಗಾದರೆ ವಿಷ ಹೃದಯದ ಕಡೆ ಕೆಲಸ ಮಾಡುತ್ತಿದೆ ಅಂತ ಅರ್ಥ. ಇವು ಕಾಣಲಿ ಬಿಡಲಿ, ಸಣ್ಣ ಮಗುವನ್ನು ನೇರ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಮಂತ್ರ ಹಾಕಿಸಲು ದಾರಿಯಲ್ಲಿ ನಿಲ್ಲಬೇಡಿ. ಕಟ್ಟುಹಾವಿನ ಕಡಿತದಲ್ಲಿ ಗಾಯವೇ ಕಾಣದಿರಬಹುದು. ನಸುಕಿಗೆ ಹೊಟ್ಟೆನೋವು ಅಂತ ಎದ್ದ ಮಗುವಿನ ರೆಪ್ಪೆ ಜೋತುಬೀಳುತ್ತಿದ್ದರೆ ಅದೂ ತುರ್ತು.

ರಾತ್ರಿ ಜೋರಾಗಿ ಗೊರಕೆ, ನಡುವೆ ಉಸಿರು ನಿಂತಂತೆ ಆಗುವುದು, ಬಾಯಿ ತೆರೆದೇ ಮಲಗುವುದು ಇದ್ದರೆ ಮೂಗು-ಗಂಟಲಿನ ತೊಂದರೆ ಇರಬಹುದು. ದಿನಾ ಒಂದೇ ಹೊತ್ತಿಗೆ ಎದ್ದು ಕುಂಡಿ ತುರಿಸಿಕೊಂಡು ಅಳುತ್ತಿದ್ದರೆ ಜಂತುಹುಳು ಇದೆಯಾ ಕೇಳಿ. ಇವೆರಡಕ್ಕೂ ಔಷಧಿ ಉಂಟು. ಮಂಚಕ್ಕೆ ಹೊಂದಿಕೊಳ್ಳಲಿಲ್ಲ ಅಂತ ತಿಂಗಳುಗಟ್ಟಲೆ ಮಗುವಿನ ಜೊತೆ ಗುದ್ದಾಡಿ, ಕೊನೆಗೆ ಹುಳದ ಗುಳಿಗೆಯಿಂದ ನಿದ್ದೆ ಬಂದ ಮನೆಗಳೂ ಇವೆ.

ಹಂತ 8: ತೊಟ್ಟಿಲು ತೆಗೆಯುವುದು

ಮಂಚದಲ್ಲಿ ಒಂದು ವಾರ ಸರಿಯಾಗಿ ಮಲಗಿದ ಮೇಲೆ, ಹಗಲು ಹೊತ್ತಿನಲ್ಲಿ, ಮಗುವಿನ ಎದುರೇ ಬಿಚ್ಚಿ. ಸ್ಕ್ರೂಗಳನ್ನು ಡಬ್ಬಿಗೆ ಹಾಕುವ ಕೆಲಸವನ್ನು ಅದಕ್ಕೇ ಕೊಡಿ, ಆದರೆ ಎಣಿಸಿಕೊಳ್ಳಿ, ಬಾಯಿಗೆ ಹೋಗಬಾರದು. ರಾತ್ರಿ ಮಲಗಿದ್ದಾಗ ಕದ್ದು ಸಾಗಿಸಿದರೆ ಬೆಳಿಗ್ಗೆ ರಂಪ ತಪ್ಪಿದ್ದಲ್ಲ. ಖಾಲಿ ತೊಟ್ಟಿಲು ತೂಗಬಾರದು ಅಂತ ಹಿರಿಯರು ಹೇಗೂ ಅದನ್ನು ಬಹಳ ದಿನ ಇಡಗೊಡುವುದಿಲ್ಲ.

ಬೇರೆಯವರಿಗೆ ಕೊಡುವ ಮುಂಚೆ ಕಂಬಿಗಳ ನಡುವಿನ ಅಂತರ ಅಳೆಯಿರಿ. 6 ಸೆಂಟಿಮೀಟರಿಗಿಂತ ಜಾಸ್ತಿ ಇದ್ದರೆ ಕೂಸಿನ ಮೈ ನುಸುಳಿ ತಲೆ ಸಿಕ್ಕಿಕೊಳ್ಳುತ್ತದೆ, ಅಂಥದ್ದನ್ನು ದಾಟಿಸಬೇಡಿ. ಗಾದಿ ಮತ್ತು ಕಂಬಿ ನಡುವೆ ಎರಡು ಬೆರಳಿಗಿಂತ ಹೆಚ್ಚು ಜಾಗ ಇರಬಾರದು. ಮುರಿದ ಕಂಬಿ, ಸಡಿಲ ಕೊಕ್ಕೆ ಇದ್ದರೆ ರಿಪೇರಿ ಮಾಡಿಸಿಯೇ ಕೊಡಿ. ಬಿಚ್ಚಿದ ಸ್ಕ್ರೂಗಳನ್ನು ಒಂದು ಚೀಲಕ್ಕೆ ಹಾಕಿ ತೊಟ್ಟಿಲಿಗೇ ಕಟ್ಟಿ, ಇಲ್ಲದಿದ್ದರೆ ತೆಗೆದುಕೊಂಡವರು ತಂತಿ ಸುತ್ತಿ ಕೆಲಸ ನಡೆಸುತ್ತಾರೆ.